ಹಿತ್ತಿಲಿಗೆ ಬರುವ ಹೆಜ್ಜಾರ್ಲೆ

ಹಕ್ಕಿಗೆ ಕಾಡು ಬೇಕು, ಕಾಡಿಗೆ ಬೇಲಿ ಬೇಕು, ಬೇಲಿಗೆ ಕಾವಲುಗಾರ ಬೇಕು. ಸಂರಕ್ಷಣೆ ಎಂದೊಡನೆ ಸರ್ಕಾರಿ ಕಡತಗಳಿಗೆ ಹೊಳೆಯುವ ಕ್ರಮ ಇದು. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಈ ಮೂರೂ ಇಲ್ಲದ ಕಾಲದಿಂದಲೇ ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆಗಳು ಮರಿ ಮಾಡಿಕೊಂಡು ಬಂದಿವೆ, ಅದೂ ಮನೆಗಳ ನಡುವೆ, ಹಿತ್ತಿಲಿನ ಹುಣಸೆಮರಗಳ ಮೇಲೆ. ಊರು ಮೊದಲು ಶಿಂಷಾ ನದಿಯ ದಡದಲ್ಲಿತ್ತಂತೆ. 1916ರ ಪ್ಲೇಗಿಗೆ ಹೆದರಿ ಜನ ಈಗಿನ ಜಾಗಕ್ಕೆ ಬಂದಾಗ ಹಕ್ಕಿಗಳೂ ಹಿಂದೆಯೇ ಬಂದವು ಎನ್ನುತ್ತಾರೆ ಹಿರಿಯರು. 1976ರಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಅವರಿಂದ ಹೊರಲೋಕಕ್ಕೆ ಇದರ ಸುದ್ದಿ ತಿಳಿಯಿತು. 2007ರಲ್ಲಿ ಊರು ಸಮುದಾಯ ಮೀಸಲು ಪ್ರದೇಶವಾಯಿತು. ಇತಿಹಾಸ ಇಷ್ಟು ಸಾಕು. ಬಯಲುಸೀಮೆಯ ಚಳ್ಳಕೆರೆ, ಮೊಳಕಾಲ್ಮುರಿನವರು ಈ ದೂರದ ಊರಿನಿಂದ ತಿಳಿಯಬೇಕಾದದ್ದು ಬೇರೆಯೇ ಇದೆ. ಹಕ್ಕಿ ಉಳಿಯುವುದು ಜಾಗ ಮೀಸಲಿಟ್ಟಲ್ಲಿ ಅಲ್ಲ, ಅದರೊಡನೆ ಜನ ನಂಟು ಇಟ್ಟುಕೊಂಡಲ್ಲಿ.

ಆ ನಂಟು ಎಂಥದ್ದೆಂದು ತಿಳಿಯಲು ಮರದ ಮೇಲೆ ನೋಡುವುದಕ್ಕಿಂತ ಬುಡ ನೋಡುವುದು ಒಳ್ಳೆಯದು. ಹೆಜ್ಜಾರ್ಲೆಯ ಗೂಡು ಕಡ್ಡಿಗಳ ಒಂದು ಅಟ್ಟಣೆ, ಅಷ್ಟೆ. ಗಾಳಿ ಬೀಸಿದಾಗಲೋ, ತುತ್ತಿಗಾಗಿ ಮರಿಗಳು ಒಂದನ್ನೊಂದು ತಳ್ಳಾಡುವಾಗಲೋ ಕೆಲವು ಕೆಳಗೆ ಬೀಳುತ್ತವೆ. ಬಿದ್ದ ಮರಿಗೆ ತಾಯಿ ಇಳಿದು ಬಂದು ಗುಟುಕು ಕೊಡುವುದಿಲ್ಲ. ಅಷ್ಟೆತ್ತರದ ಗೂಡಿಗೆ ಅದನ್ನು ಮರಳಿಸುವುದೂ ಸುಲಭವಲ್ಲ. ಮೊದಲೆಲ್ಲ ಇಂಥ ಮರಿ ನಾಯಿಯ ಪಾಲು, ಇಲ್ಲವೇ ಬಿಸಿಲಿನ ಪಾಲು. 1994ರ ಸುಮಾರಿಗೆ ಮೈಸೂರಿನ ನಿಸರ್ಗಾಸಕ್ತರ ಜೊತೆ ಸೇರಿ ಊರಿನ ಯುವಕರು ‘ಹೆಜ್ಜಾರ್ಲೆ ಬಳಗ’ ಕಟ್ಟಿಕೊಂಡರು. ಮರಿಗಳಿಗೊಂದು ಆವರಣ ಮಾಡಿದರು, ಮೀನು ತಂದು ತಿನ್ನಿಸಿದರು, ರೆಕ್ಕೆ ಬಲಿತ ಮೇಲೆ ಹಾರಬಿಟ್ಟರು. ಹೇಳುವುದಕ್ಕೆ ಒಂದು ಸಾಲಿನ ಕೆಲಸ. ಆದರೆ ಹೆಜ್ಜಾರ್ಲೆ ಮರಿಯ ಹಸಿವು ಸಣ್ಣದಲ್ಲ. ದಿನವೂ ಮೀನು ಹೊಂದಿಸಬೇಕು, ನಾತ ಸಹಿಸಬೇಕು, ನಾಯಿ ಕಾಯಬೇಕು. ಬೇಸಿಗೆ ಮುಗಿಯುವ ಹೊತ್ತಿಗೆ ಅದು ಹಾರಿ ಹೋಗುತ್ತದೆ. ಲಾಭದ ಲೆಕ್ಕದಿಂದ ಯಾರೂ ಕೈಹಾಕುವ ಕೆಲಸವಲ್ಲ ಇದು. ಈ ಹಕ್ಕಿಗಳನ್ನು ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳೆಂದು ಊರವರು ಕರೆಯುತ್ತಾರೆ. ಮಾತು ಕೇಳಿ ಕೇಳಿ ಸವೆದಿರಬಹುದು, ಆದರೆ ಮರಿಗಳ ಆವರಣ ನೋಡಿದರೆ ಅದು ಬರೀ ಮಾತಲ್ಲ.

ಇದೆಲ್ಲ ಗೊಬ್ಬರದ ಆಸೆ, ಪರಿಹಾರದ ಆಸೆ ಎನ್ನುವವರಿದ್ದಾರೆ. ಮರದಡಿ ಗುಂಡಿ ತೋಡಿ, ಕೆರೆಯ ಗೋಡು ತುಂಬಿ, ಬಿದ್ದ ಹಿಕ್ಕೆಯನ್ನು ಅದರಲ್ಲಿ ಕೂಡಿಸಿ ಗದ್ದೆಗೆ ಹಾಕುವ ರೂಢಿ ನಿಜ. ಗೂಡಿರುವ ಮರದ ಫಲ ಹಾಳಾಗುವುದರಿಂದ ಅರಣ್ಯ ಇಲಾಖೆ ಮಾಲೀಕರಿಗೆ ಹಣ ಕೊಡುವುದೂ ನಿಜ. ಆದರೆ ನಂಟಿಗೆ ಒಂದಿಷ್ಟು ಲಾಭ ಸೇರಿದರೆ ನಂಟು ಸುಳ್ಳಾಗುವುದಿಲ್ಲ, ಗಟ್ಟಿಯಾಗುತ್ತದೆ. ಪರಿಹಾರ ಬರುವುದಕ್ಕೆ ಎಷ್ಟೋ ಮೊದಲೇ ಹಕ್ಕಿಗಳು ಅಲ್ಲಿದ್ದವು ಎಂಬುದನ್ನೂ ಮರೆಯಬಾರದು.

ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು. ಮನುಷ್ಯನನ್ನು ನೆಚ್ಚಿದ ಕಾಡುಜೀವಿ ಒಂದು ದಿನ ಅನಾಥವಾಗುವುದಿಲ್ಲವೇ? ಅಮೆರಿಕದಲ್ಲಿ ಪರ್ಪಲ್ ಮಾರ್ಟಿನ್ ಎಂಬ ಅಂಬರಗುಬ್ಬಿ ಜಾತಿಯ ಹಕ್ಕಿಯಿದೆ. ಅಲ್ಲಿನ ಮೂಲನಿವಾಸಿಗಳು ಅದಕ್ಕಾಗಿ ಸೋರೆಬುರುಡೆ ತೂಗುಹಾಕುತ್ತಿದ್ದರು. ಇಂದು ರಾಕಿ ಪರ್ವತಗಳ ಪೂರ್ವಕ್ಕೆ ಅದು ಹೆಚ್ಚುಕಡಿಮೆ ಜನ ಇಟ್ಟ ಗೂಡುಗಳಲ್ಲಷ್ಟೇ ಮರಿ ಮಾಡುತ್ತದೆ. ದಕ್ಷಿಣ ಅಮೆರಿಕದಿಂದ ಮರಳುವ ವೇಳೆಗೆ ಚಳಿ ಮುಗಿಯದಿದ್ದರೆ ಹಾರುವ ಹುಳು ಸಿಗದೆ ಸಾಯುತ್ತದೆ. ಆಗ ಹಿತ್ತಿಲಿನವರು ಮಿಡತೆ, ಬೇಯಿಸಿದ ಮೊಟ್ಟೆಯ ಚೂರುಗಳನ್ನು ಗಾಳಿಗೆ ಎಸೆದು ಉಳಿಸಿಕೊಳ್ಳುತ್ತಾರೆ. ಅವಲಂಬನೆ ಹೌದು, ಆದರೆ ಅದು ಮೊದಲು ಗೂಡು ಮಾಡುತ್ತಿದ್ದ, ಈಗ ಕಡಿದುಹೋದ ಪೊಟರೆಮರಗಳು ಮತ್ತೆ ಹುಟ್ಟುವವರೆಗೆ ಬೇರೆ ದಾರಿ ಯಾವುದು? ಹೆಜ್ಜಾರ್ಲೆಯ ಸ್ಥಿತಿ ಅಷ್ಟು ಬಿಗಡಾಯಿಸಿಲ್ಲ. ಮರ ನಮ್ಮದಾದರೂ ಮೀನನ್ನು ಅದೇ ಹುಡುಕಿಕೊಳ್ಳುತ್ತದೆ. ಅದರ ಕಷ್ಟವೂ ಅಲ್ಲೇ ಇದೆ. ಹಿಂಗಾರು ತಡವಾಗಿ ಕೆರೆ ತುಂಬದಿದ್ದರೆ ಗೂಡು ಕಡಿಮೆ, ಕೆರೆ ಕೆಟ್ಟರೆ ಸಾವು. 2017ರ ಕೊನೆಯಿಂದ ಕೆಲವು ತಿಂಗಳು ಹೊಟ್ಟೆಯ ಜಂತುಹುಳುವಿನಿಂದ ಹೆಜ್ಜಾರ್ಲೆಗಳು ಒಂದರ ಹಿಂದೊಂದು ಸತ್ತವು. ಹಿತ್ತಿಲಿನ ಅಕ್ಕರೆ ಕೆರೆಯವರೆಗೂ ಚಾಚದಿದ್ದರೆ ಅರ್ಧ ಕೆಲಸವಷ್ಟೇ ಆದಂತೆ.

ಕಾವೇರಿ ಸೀಮೆಯ ಕಥೆ ಬಯಲುಸೀಮೆಗೆ ಹೊಂದೀತೇ ಎಂದು ಚಳ್ಳಕೆರೆಯವರು ಕೇಳಬಹುದು. ಇಲ್ಲಿನ ವಾಣಿವಿಲಾಸ ಸಾಗರ ಜಲಾಶಯ 1933ರ ನಂತರ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, ಮರುವರ್ಷವೇ ಬರ. ಇಂಥಲ್ಲಿ ಹಕ್ಕಿಗೇನು ಭರವಸೆ? ಉತ್ತರ ನೆರೆಯಲ್ಲೇ ಇದೆ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಹಳ್ಳಿಯ ನೀರಾವರಿ ಕೆರೆಯೊಳಗಿನ ಕರಿಜಾಲಿಯಲ್ಲಿ ಬಣ್ಣದ ಕೊಕ್ಕರೆ ಗೂಡು ಕಟ್ಟುತ್ತದೆ. 2024ರಲ್ಲಿ ಆ ಕೆರೆ ಜಾಗತಿಕ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿ ಸೇರಿತು. ಹಿಂದೂಪುರದ ಬಳಿಯ ವೀರಾಪುರವೂ ಒಣನೆಲವೇ. ಅಲ್ಲಿನ ಜನ ಬಣ್ಣದ ಕೊಕ್ಕರೆ ಬಂದರೆ ಮಳೆ ಎಂದು ನಂಬಿ ಮರ ಉಳಿಸಿದ್ದಾರೆ. ಉಪಯೋಗ ಕೇಳದೆ ಪ್ರಾಣಿ ಸಾಕುವುದನ್ನು ಚಳ್ಳಕೆರೆ-ಮೊಳಕಾಲ್ಮುರಿಗೆ ಹೊರಗಿನವರು ಕಲಿಸಬೇಕಾಗಿಯೂ ಇಲ್ಲ. ಮ್ಯಾಸಬೇಡರ ದೇವರ ಎತ್ತುಗಳನ್ನು ಹೂಡುವುದಿಲ್ಲ, ಮಾರುವುದಿಲ್ಲ, ಮೇವು ಕಾಣದ ಬೇಸಿಗೆಯಲ್ಲೂ ಕಿಲಾರಿಗಳು ಕಾಯುತ್ತಾರೆ. ಬೇಲಿಯ ದಾರಿಯಂತೂ ಇಲ್ಲಿ ಮುಗಿದಿದೆ. ಚಳ್ಳಕೆರೆಯ ಅಮೃತಮಹಲ್ ಕಾವಲಿನ ಸುಮಾರು 10 ಸಾವಿರ ಎಕರೆ ಸಂಶೋಧನಾ ಸಂಸ್ಥೆಗಳ ಗೋಡೆಯೊಳಗೆ ಹೋಯಿತು. ಉಳಿದಿರುವುದು ಕೆರೆಯಂಗಳ, ಗುಂಡುತೋಪು, ಹಿತ್ತಿಲು. ಮುಂದಿನ ಸಲ ಊರ ಕೆರೆಯ ಹೂಳೆತ್ತಲು ಯಂತ್ರ ಇಳಿಸುವಾಗ ಗ್ರಾಮ ಪಂಚಾಯಿತಿಗಳು ಅಂಗಳದ ಕರಿಜಾಲಿಗಳನ್ನಾದರೂ ಹಾಗೇ ಬಿಡಲಿ.