ನಿಶಾನೆಗಾರನ ಕೆಂಪು ಬಾವುಟ

ಬೈಲಹೊಂಗಲ, ಸವದತ್ತಿ, ರಾಮದುರ್ಗಗಳ ಬಯಲಿನ ಎರೆಭೂಮಿಯು ಹತ್ತಿಗೆ ಎಷ್ಟು ಹಿತವೋ ರಸ್ತೆಗೆ ಅಷ್ಟೇ ಅಹಿತ. ಅದರಲ್ಲಿರುವ ಮಾಂಟ್ಮೊರಿಲೊನೈಟ್ ಎಂಬ ಜೇಡಿ ಖನಿಜವು ಮಳೆಗಾಲದಲ್ಲಿ ನೀರು ಹೀರಿ ಉಬ್ಬುತ್ತದೆ. ಬೇಸಗೆಯಲ್ಲಿ ಕುಗ್ಗಿ ಬಿರಿಯುತ್ತದೆ. ಮೇಲಿನ ಡಾಂಬರು ಇದನ್ನು ಬಹುಕಾಲ ತಾಳಲಾರದು. ಆದುದರಿಂದ ರಸ್ತೆಯ ಅರ್ಧವನ್ನು ಅಗೆದು, ಉಳಿದರ್ಧದಲ್ಲಿ ವಾಹನಗಳನ್ನು ಬಿಡುವ ದೃಶ್ಯ ಇಲ್ಲಿ ಅಪರೂಪವಲ್ಲ. ಅಲ್ಲಿ ಬಾವುಟ ಹಿಡಿದು ನಿಂತವನನ್ನು ನಾವು ಗಮನಿಸುವುದು ಕಡಿಮೆ. ಎದುರುಬದುರಿನ ವಾಹನಗಳು ಒಂದೇ ಪಟ್ಟಿಯಲ್ಲಿ ಡಿಕ್ಕಿ ಹೊಡೆಯದಂತೆ ಕಾಯುವ ಹೊಣೆ ಅವನದು. ಈ ಕೆಲಸಕ್ಕೂ ಶಿಕ್ಷಣ ಬೇಕೆ? ಬೇಕು, ಅದರ ಬಹುಭಾಗ ಭೌತಶಾಸ್ತ್ರವೇ.

ಮೊದಲ ಪಾಠ, ನಿಲ್ಲುವ ಸ್ಥಳ. ಕಿತ್ತೂರಿನ ಬಳಿ ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ಗಂಟೆಗೆ ೮೦ ಕಿಲೋಮೀಟರು ವೇಗದ ಕಾರೊಂದು ಬರುತ್ತಿದೆಯೆನ್ನೋಣ. ಚಾಲಕನು ಬಾವುಟವನ್ನು ಕಂಡು, ಅರ್ಥಮಾಡಿಕೊಂಡು, ಬ್ರೇಕನ್ನು ಒತ್ತಲು ೨.೫ ಸೆಕೆಂಡು ಬೇಕೆಂದು ೧೯೩೪ರಲ್ಲಿ ಸ್ಥಾಪಿತವಾದ ಭಾರತೀಯ ರಸ್ತೆ ಕಾಂಗ್ರೆಸ್ಸು ಲೆಕ್ಕಹಿಡಿಯುತ್ತದೆ. ಅಷ್ಟರಲ್ಲೇ ಕಾರು ೫೬ ಮೀಟರು ಸಾಗಿರುತ್ತದೆ! ಘರ್ಷಣಾಂಕ ೦.೩೫ ಎಂದಿಟ್ಟುಕೊಂಡರೆ, ಬ್ರೇಕು ಹಿಡಿದ ಮೇಲೂ ೭೨ ಮೀಟರು ಜಾರುತ್ತದೆ. ಒಟ್ಟು ೧೨೮. ವೇಗ ೬೦ ಆಗಿದ್ದರೆ ಸುಮಾರು ೮೧ ಮೀಟರು ಸಾಕಾಗುತ್ತಿತ್ತು. ಬ್ರೇಕಿನ ದೂರವು ವೇಗದ ವರ್ಗದಂತೆ ಬೆಳೆಯುವುದೇ ಇದಕ್ಕೆ ಮುಖ್ಯ ಕಾರಣ. ಹೀಗಾಗಿ ನಿಶಾನೆಗಾರನು ಅಗೆದ ಗುಂಡಿಯ ಅಂಚಿನಲ್ಲಲ್ಲ, ಬಹಳ ಮುಂಚೆಯೇ ಕಾಣುವಂತೆ ನಿಲ್ಲಬೇಕು. ಎಚ್ಚರಿಕೆಯ ಫಲಕಗಳು ಅವನಿಗಿಂತಲೂ ಮುಂಚೆ ಇರಬೇಕು. ಬ್ರೇಕಿಲ್ಲದ ಎರಡು ಟ್ರೇಲರುಗಳ ತುಂಬ ಕಬ್ಬು ಹೇರಿಕೊಂಡು ಬರುವ ಟ್ರ್ಯಾಕ್ಟರಿಗಾದರೋ ಈ ಲೆಕ್ಕವೂ ಸಾಲದು.

ಅವನು ರಸ್ತೆಯ ಅಂಚಿನಲ್ಲಿ, ಬರುವ ವಾಹನಗಳಿಗೆ ಮುಖಮಾಡಿ ನಿಲ್ಲಬೇಕು, ಬೆನ್ನು ತಿರುಗಿಸಕೂಡದು. ಹಾರಿ ತಪ್ಪಿಸಿಕೊಳ್ಳುವ ದಾರಿಯನ್ನು ಮೊದಲೇ ನೋಡಿಟ್ಟುಕೊಂಡಿರಬೇಕು. ನಿಲ್ಲಿಸುವಾಗ ಕೆಂಪು ಬಾವುಟವನ್ನು ಅಡ್ಡಲಾಗಿ ಚಾಚಿ, ಇನ್ನೊಂದು ಅಂಗೈಯನ್ನು ಎತ್ತಿ ತೋರಿಸಬೇಕು. ಸುಮ್ಮನೆ ಬಾವುಟ ಬೀಸಿದರೆ 'ಬಾ' ಎಂದೋ 'ನಿಲ್ಲು' ಎಂದೋ ಚಾಲಕನಿಗೆ ತಿಳಿಯದು.

ಮುಸ್ಸಂಜೆಯಲ್ಲಿ ಬೇರೊಂದು ತೊಡಕುಂಟು. ಬೆಳಕು ಕುಂದಿದಂತೆ ನಮ್ಮ ಕಣ್ಣಿನ ಶಂಕುಕೋಶಗಳ ಕೆಲಸವು ದಂಡಕೋಶಗಳ ಪಾಲಾಗುತ್ತದೆ. ಇವಕ್ಕೆ ಕೆಂಪು ಬಹುಮಟ್ಟಿಗೆ ಕಾಣದು. ಹಗಲಿನಲ್ಲಿ ಉಜ್ವಲವಾಗಿದ್ದ ಬಾವುಟ ಕಪ್ಪುಬಟ್ಟೆಯಾಗುತ್ತದೆ. ಚೆಕ್ ವಿಜ್ಞಾನಿ ಪುರ್ಕಿನ್ಯೆಯ ಹೆಸರಿನಿಂದ ಕರೆಯಲ್ಪಡುವ ಪರಿಣಾಮವಿದು. ಪ್ರತಿದೀಪ್ತಿಯುಳ್ಳ ಹಳದಿಹಸುರು ಅಂಗಿಯಾದರೆ ಕಣ್ಣಿಗೆ ಕಾಣದ ಅತಿನೇರಳೆ ಕಿರಣಗಳನ್ನು ಹೀರಿ ಕಾಣುವ ಬೆಳಕನ್ನಾಗಿ ಹೊರಸೂಸುತ್ತದೆ. ಕತ್ತಲಾದ ಮೇಲೆ ಅದೂ ನಿರುಪಯುಕ್ತ. ಆಗ ಅಂಗಿಯ ಮೇಲಿನ ಪಟ್ಟಿಯಲ್ಲಿ ಹುದುಗಿದ ಸಣ್ಣ ಗಾಜಿನ ಮಣಿಗಳು ವಾಹನದ ದೀಪದ ಬೆಳಕನ್ನು ಬಂದ ದಿಕ್ಕಿಗೇ ಹಿಂದಿರುಗಿಸುತ್ತವೆ. ಕೈಯಲ್ಲಿ ಬಾವುಟದ ಬದಲು ಕೆಂಪು ದೀಪವಿರಬೇಕು.

ಇನ್ನು ಕಾಲದ ಲೆಕ್ಕ. ಒಂಟಿ ಪಟ್ಟಿಯ ಉದ್ದ ೩೦೦ ಮೀಟರೆಂದಿರಲಿ. ಗಂಟೆಗೆ ೨೦ ಕಿಲೋಮೀಟರಿನಂತೆ ಹೋಗುವ ಲಾರಿ ಅದನ್ನು ೫೪ ಸೆಕೆಂಡಿನಲ್ಲಿ ದಾಟುತ್ತದೆ. ಭಾರತ ಹುಣ್ಣಿಮೆಗೆ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಹೊರಟ ಚಕ್ಕಡಿಗೋ, ಗಂಟೆಗೆ ೩ ಕಿಲೋಮೀಟರಿನಂತೆ, ಪೂರ್ತಿ ಆರು ನಿಮಿಷ ಬೇಕು. ಲಾರಿಯ ಲೆಕ್ಕದಲ್ಲಿ ಹಸುರು ತೋರಿಸಿದರೆ ಎತ್ತುಗಳ ಗತಿಯೇನು?

ತಿರುವಿನಿಂದಾಗಿ ಇಬ್ಬರು ನಿಶಾನೆಗಾರರು ಒಬ್ಬರಿಗೊಬ್ಬರು ಕಾಣದಿದ್ದರೆ, ಇಂದು ವೈರ್‌ಲೆಸ್ ಫೋನು ಉಂಟು. ಅದಿಲ್ಲದಲ್ಲಿ ಹಳೆಯ ಉಪಾಯವೊಂದಿದೆ: ಸಾಲಿನ ಕೊನೆಯ ವಾಹನದ ಚಾಲಕನ ಕೈಗೆ ಒಂದು ಬಾವುಟವನ್ನು ಕೊಟ್ಟುಕಳುಹಿಸುವುದು. ಅದು ಆಚೆಯವನ ಕೈಸೇರಿದಾಗಲೇ ದಾರಿ ತೆರವು. ಒಂಟಿ ಹಳಿಯ ರೈಲುದಾರಿಯಲ್ಲಿ ಎಂಜಿನ್ ಚಾಲಕನಿಗೆ ಟೋಕನ್ ಕೊಡುವ ಪದ್ಧತಿಯ ತತ್ತ್ವವೂ ಇದೇ.