ಚಂದ್ರನಲ್ಲಿ ಜಾಗ ಹಿಡಿಯುವ ಪೈಪೋಟಿ

1972ರ ಡಿಸೆಂಬರ್ 14ರಂದು ಅಪೊಲೊ-17ರ ನಾಯಕ ಯೂಜೀನ್ ಸೆರ್ನನ್ ಚಂದ್ರನ ನೆಲದಿಂದ ಏಣಿ ಹತ್ತಿ ನೌಕೆಯೊಳಕ್ಕೆ ಹೋದರು. ಅಲ್ಲಿಗೆ ಚಂದ್ರನ ಮೇಲೆ ನಡೆದಾಡಿದವರ ಸಂಖ್ಯೆ ಹನ್ನೆರಡಾಯಿತು. ಹನ್ನೆರಡು ಮಂದಿಯೂ ಅಮೆರಿಕನ್ನರು. ಹೆಚ್ಚು ಕಾಲ ಕಳೆಯುವ ಮುನ್ನವೇ ಮನುಷ್ಯ ಮತ್ತೆ ಅಲ್ಲಿಗೆ ಬರುತ್ತಾನೆಂದು ಸೆರ್ನನ್ ನಂಬಿದ್ದರು. 2017ರಲ್ಲಿ ಅವರು ತೀರಿಕೊಂಡಾಗಲೂ ಚಂದ್ರನ ಮೇಲೆ ನಡೆದ ಕೊನೆಯ ಮನುಷ್ಯ ಅವರೇ ಆಗಿದ್ದರು.

ಅರ್ಧ ಶತಮಾನದ ಮೌನದ ನಂತರ ಈಗ ಮತ್ತೆ ಓಟ ಆರಂಭವಾಗಿದೆ. ಒಂದು ಕಡೆ ಅಮೆರಿಕ ಮತ್ತು ಅದರ ಮಿತ್ರ ರಾಷ್ಟ್ರಗಳು, ಇನ್ನೊಂದು ಕಡೆ ಚೀನ ಮತ್ತು ಅದರ ಜೊತೆಗೂಡಿದ ರಷ್ಯ. ಒಮ್ಮೆ ಹೋಗಿ, ಬಾವುಟ ನೆಟ್ಟು, ಕಲ್ಲು ತಂದು ಮುಗಿದ ಜಾಗಕ್ಕೆ ಮತ್ತೆ ಈ ಆತುರವೇಕೆ? ಉತ್ತರ ಇಷ್ಟೇ: ಆಗ ಸ್ಪರ್ಧೆ ಇದ್ದದ್ದು ಯಾರು ಮೊದಲು ಮುಟ್ಟುತ್ತಾರೆ ಎಂಬುದಕ್ಕೆ, ಈಗ ಇರುವುದು ಯಾರು ಎಲ್ಲಿ ಬೀಡುಬಿಡುತ್ತಾರೆ ಎಂಬುದಕ್ಕೆ.

ಮೊದಲ ಓಟ

1961ರ ಏಪ್ರಿಲ್ 12ರಂದು ಸೋವಿಯತ್ ಒಕ್ಕೂಟದ ಯೂರಿ ಗಗಾರಿನ್ ಭೂಮಿಯನ್ನು ಸುತ್ತಿ ಬಂದರು. ಆರು ವಾರಗಳಲ್ಲಿ, ಮೇ 25ರಂದು, ಅಮೆರಿಕದ ಅಧ್ಯಕ್ಷ ಜಾನ್ ಕೆನೆಡಿ ದಶಕ ಮುಗಿಯುವುದರೊಳಗೆ ಮನುಷ್ಯನನ್ನು ಚಂದ್ರನ ಮೇಲೆ ಇಳಿಸಿ ಸುರಕ್ಷಿತವಾಗಿ ಮರಳಿ ತರುವ ಗುರಿಯನ್ನು ಸಂಸತ್ತಿನ ಮುಂದಿಟ್ಟರು. ಇದರಲ್ಲಿ ವಿಜ್ಞಾನದ ಪಾಲು ಕಡಿಮೆ. ಹೊಸದಾಗಿ ಸ್ವತಂತ್ರವಾದ ಏಷ್ಯ, ಆಫ್ರಿಕದ ದೇಶಗಳ ಕಣ್ಣಿನಲ್ಲಿ ಯಾವ ವ್ಯವಸ್ಥೆ ಮೇಲು ಎಂದು ತೋರಿಸುವುದೇ ಮುಖ್ಯವಾಗಿತ್ತು. 1966ರ ಹೊತ್ತಿಗೆ ಅಮೆರಿಕದ ಕೇಂದ್ರ ಸರ್ಕಾರದ ವೆಚ್ಚದಲ್ಲಿ ನೂರಕ್ಕೆ ನಾಲ್ಕು ಪಾಲಿಗೂ ಹೆಚ್ಚು ಹಣ ನಾಸಾ ಸಂಸ್ಥೆಗೆ ಹೋಗುತ್ತಿತ್ತು. ಇತ್ತೀಚಿನ ವರ್ಷಗಳಲ್ಲಿ ಅದು ಅರ್ಧ ಪಾಲಿಗಿಂತಲೂ ಕಡಿಮೆ.

ರಷ್ಯನ್ನರ ಕಡೆ ಒಳಜಗಳವೇ ದೊಡ್ಡ ತೊಡಕಾಯಿತು. ಪ್ರಧಾನ ವಿನ್ಯಾಸಕ ಸೆರ್ಗೈ ಕೊರೊಲ್ಯೊವ್ ಮತ್ತು ಎಂಜಿನ್ ತಜ್ಞ ವ್ಯಾಲೆಂಟಿನ್ ಗ್ಲುಷ್ಕೊ ಇಂಧನದ ಆಯ್ಕೆಯ ವಿಷಯದಲ್ಲಿ ಮುನಿಸಿಕೊಂಡು ಬೇರೆಯಾದರು. 1966ರಲ್ಲಿ ಕೊರೊಲ್ಯೊವ್ ತೀರಿಕೊಂಡರು. ಮೊದಲ ಹಂತದಲ್ಲೇ ಮೂವತ್ತು ಎಂಜಿನ್‌ಗಳಿದ್ದ ಎನ್-1 ರಾಕೆಟ್ಟನ್ನು ನಾಲ್ಕು ಬಾರಿ ಹಾರಿಸಿದರು. ನಾಲ್ಕು ಬಾರಿಯೂ ಅದು ವಿಫಲವಾಯಿತು. ಎರಡನೆಯ ಬಾರಿ, 1969ರ ಜುಲೈ 3ರಂದು, ಅದು ಮೇಲೇರಿದಷ್ಟೇ ಬೇಗ ಕೆಳಗೆ ಬಿದ್ದು ಉಡಾವಣಾ ವೇದಿಕೆಯನ್ನೇ ನಾಶ ಮಾಡಿತು. ಹದಿನೇಳು ದಿನಗಳ ನಂತರ ನೀಲ್ ಆರ್ಮ್‌ಸ್ಟ್ರಾಂಗ್ ಚಂದ್ರನ ಮೇಲೆ ಕಾಲಿಟ್ಟರು. ತಾವು ಆ ಸ್ಪರ್ಧೆಯಲ್ಲೇ ಇರಲಿಲ್ಲವೆಂದು ಮಾಸ್ಕೋ ಇಪ್ಪತ್ತು ವರ್ಷ ಹೇಳಿಕೊಂಡು ಬಂತು. ಎನ್-1ರ ಕತೆ ಬಹಿರಂಗವಾದದ್ದು 1989ರಲ್ಲಿ.

ಗೆದ್ದವನಿಗೆ ಮತ್ತೆ ಓಡುವ ಕಾರಣ ಉಳಿಯಲಿಲ್ಲ. ಅಪೊಲೊ ಸರಣಿಯ ಕೊನೆಯ ಮೂರು ಯಾನಗಳನ್ನು ಅಮೆರಿಕ 1970ರಲ್ಲೇ ಕೈಬಿಟ್ಟಿತು.

ಬದಲಾಗುವ ಅಧ್ಯಕ್ಷರು, ಬದಲಾಗದ ಯೋಜನೆ

ಚಂದ್ರನಿಗೆ ಮರಳುವ ಮಾತು ಅಮೆರಿಕದಲ್ಲಿ ಹೊಸದೇನಲ್ಲ. 1989ರಲ್ಲಿ ಹಿರಿಯ ಬುಷ್ ಆ ಮಾತಾಡಿದರು. ಖರ್ಚಿನ ಅಂದಾಜು ನೋಡಿ ಸಂಸತ್ತು ಹಿಂದೆ ಸರಿಯಿತು. 2004ರಲ್ಲಿ ಅವರ ಮಗ ಮತ್ತೊಂದು ಯೋಜನೆ ಘೋಷಿಸಿದರು. 2010ರಲ್ಲಿ ಒಬಾಮಾ ಅದನ್ನು ನಿಲ್ಲಿಸಿದರು. 2017ರಲ್ಲಿ ಟ್ರಂಪ್ ಮತ್ತೆ ಚಂದ್ರನತ್ತ ಬೆರಳು ತೋರಿಸಿದರು. 2019ರಲ್ಲಿ ಯೋಜನೆಗೆ ಆರ್ಟೆಮಿಸ್ ಎಂದು ಹೆಸರಿಟ್ಟರು. ಗ್ರೀಕ್ ಪುರಾಣದಲ್ಲಿ ಆಕೆ ಅಪೊಲೊವಿನ ಅವಳಿ ಸೋದರಿ.

ಚೀನದ ಹೆಸರೂ ಪುರಾಣದಿಂದಲೇ ಬಂದದ್ದು. ಅಮರತ್ವದ ಮದ್ದು ಕುಡಿದು ಹಗುರಾಗಿ ಚಂದ್ರನಿಗೆ ಹಾರಿಹೋದ ಚಾಂಗ್-ಎ ದೇವಿಯನ್ನು ಚೀನೀಯರು ಶರತ್ಕಾಲದ ಹುಣ್ಣಿಮೆಯ ಹಬ್ಬದಲ್ಲಿ ನೆನೆಯುತ್ತಾರೆ. ಅವಳ ಹೆಸರಿನ ನೌಕೆಗಳು 2007ರಿಂದ ಒಂದೊಂದೇ ಮೆಟ್ಟಿಲು ಹತ್ತಿವೆ. 2007ರಲ್ಲಿ ಚಂದ್ರನನ್ನು ಸುತ್ತಿದವು, 2013ರಲ್ಲಿ ಇಳಿದವು, 2019ರ ಜನವರಿಯಲ್ಲಿ ಭೂಮಿಗೆ ಎಂದೂ ಕಾಣದ ಆಚೆ ಮಗ್ಗುಲಲ್ಲಿ ಇಳಿದವು. ಆಚೆ ಮಗ್ಗುಲಲ್ಲಿ ಅದುವರೆಗೆ ಯಾರ ನೌಕೆಯೂ ಮೆಲ್ಲನೆ ಇಳಿದಿರಲಿಲ್ಲ. 2020ರಲ್ಲಿ ಈಚೆ ಮಗ್ಗುಲಿನಿಂದ 1,731 ಗ್ರಾಂ, 2024ರಲ್ಲಿ ಆಚೆ ಮಗ್ಗುಲಿನಿಂದ 1,935 ಗ್ರಾಂ ಕಲ್ಲುಮಣ್ಣು ಭೂಮಿಗೆ ಬಂತು. ಚುನಾವಣೆಯ ಗಾಳಿ ತಾಗದ ಆಡಳಿತದಲ್ಲಿ ಯೋಜನೆ ಮಧ್ಯೆ ಮುರಿದುಬೀಳುವುದು ಕಡಿಮೆ. 2030ಕ್ಕೆ ಮೊದಲು ಇಬ್ಬರನ್ನು ಚಂದ್ರನ ಮೇಲೆ ಇಳಿಸುವುದು ಚೀನ ಘೋಷಿಸಿರುವ ಗುರಿ.

ಎರಡು ದೇಶಗಳ ವಿಧಾನವೂ ಬೇರೆ. ಚೀನದ್ದು ಹಳೆಯ ಅಪೊಲೊ ಮಾದರಿಗೆ ಹತ್ತಿರ. ಲಾಂಗ್ ಮಾರ್ಚ್-10 ಎಂಬ ರಾಕೆಟ್ಟುಗಳು ಎರಡು ಹಾರುತ್ತವೆ. ಒಂದರಲ್ಲಿ ಇಳಿನೌಕೆ ಲಾನ್‌ಯುಯೆ, ಇನ್ನೊಂದರಲ್ಲಿ ಯಾತ್ರಿಗಳಿರುವ ಮೆಂಗ್‌ಝೌ. ಎರಡೂ ಚಂದ್ರನ ಕಕ್ಷೆಯಲ್ಲಿ ಕೂಡಿಕೊಳ್ಳುತ್ತವೆ. ಅಮೆರಿಕದ ಲೆಕ್ಕ ದೊಡ್ಡದು. ಯಾತ್ರಿಗಳನ್ನು ಕೊಂಡೊಯ್ಯಲು ಸರ್ಕಾರದ ಎಸ್‌ಎಲ್‌ಎಸ್ ರಾಕೆಟ್ ಮತ್ತು ಒರಾಯನ್ ನೌಕೆ. ಕೆಳಗಿಳಿಸುವ ಕೆಲಸ 2021ರ ಗುತ್ತಿಗೆಯಂತೆ ಸ್ಪೇಸ್‌ಎಕ್ಸ್ ಕಂಪನಿಯ ಸ್ಟಾರ್‌ಶಿಪ್‌ಗೆ. ಸುಮಾರು 50 ಮೀಟರ್ ಎತ್ತರದ ಈ ಇಳಿನೌಕೆಗೆ ಭೂಮಿಯ ಕಕ್ಷೆಯಲ್ಲೇ ಮತ್ತೆ ಇಂಧನ ತುಂಬಬೇಕು. ಅದಕ್ಕಾಗಿ ಟ್ಯಾಂಕರುಗಳನ್ನು ಮೇಲಿಂದ ಮೇಲೆ ಹಾರಿಸಬೇಕು. ಸಾಧ್ಯವಾದರೆ ಟನ್ನುಗಟ್ಟಲೆ ಸಾಮಾನು ಸಾಗಿಸಬಹುದು. ಆಗದಿದ್ದರೆ ಎಲ್ಲವೂ ತಡ. ಆರ್ಟೆಮಿಸ್-1 ನೌಕೆ 2022ರ ನವೆಂಬರಿನಲ್ಲಿ ಯಾತ್ರಿಗಳಿಲ್ಲದೆ ಚಂದ್ರನನ್ನು ಸುತ್ತಿ ಬಂತು. ಆದರೆ 2024ಕ್ಕೆಂದು ಘೋಷಿಸಿದ್ದ ಮಾನವ ಇಳಿಯುವಿಕೆಯನ್ನು ನಾಸಾ ಆ ವರ್ಷದ ಡಿಸೆಂಬರಿನಲ್ಲಿ 2027ರ ನಡುಭಾಗಕ್ಕೆ ತಳ್ಳಿತು. 2025ರ ಅಕ್ಟೋಬರಿನಲ್ಲಿ ಸಂಸ್ಥೆಯ ಹಂಗಾಮಿ ಮುಖ್ಯಸ್ಥ ಷಾನ್ ಡಫಿ, ಸ್ಪೇಸ್‌ಎಕ್ಸ್ ಹಿಂದೆ ಬಿದ್ದಿದೆ, ಇಳಿನೌಕೆಯ ಗುತ್ತಿಗೆಯನ್ನು ಬೇರೆ ಕಂಪನಿಗಳಿಗೂ ತೆರೆಯುತ್ತೇವೆ ಎಂದರು. ಚೀನಕ್ಕಿಂತ ಮೊದಲು ತಲುಪಬೇಕೆಂಬ ಕಾರಣವನ್ನು ಅವರು ಮುಚ್ಚಿಡಲಿಲ್ಲ.

ನೆರಳಿನಲ್ಲಿ ನೀರು

ಅಪೊಲೊ ಯಾತ್ರಿಗಳು ಇಳಿದದ್ದೆಲ್ಲ ಚಂದ್ರನ ಸಮಭಾಜಕದ ಆಸುಪಾಸಿನಲ್ಲಿ. ಈಗ ಎಲ್ಲರ ಕಣ್ಣು ದಕ್ಷಿಣ ಧ್ರುವದ ಮೇಲೆ. ಚಂದ್ರನ ಅಕ್ಷದ ಓರೆ ಬರೀ ಒಂದೂವರೆ ಡಿಗ್ರಿ. ಹಾಗಾಗಿ ಧ್ರುವದಲ್ಲಿ ಸೂರ್ಯ ಎಂದೂ ನೆತ್ತಿಗೇರುವುದಿಲ್ಲ; ದಿಗಂತಕ್ಕೆ ಒರಗಿಕೊಂಡೇ ಸುತ್ತುತ್ತಾನೆ. ಎತ್ತರದ ಕೆಲವು ಏಣುಗಳಿಗೆ ವರ್ಷದ ಹೆಚ್ಚಿನ ಕಾಲ ಬಿಸಿಲು. ಅವುಗಳ ಪಕ್ಕದ ಆಳವಾದ ಕುಳಿಗಳ ತಳಕ್ಕೆ ಕೋಟ್ಯಂತರ ವರ್ಷಗಳಿಂದ ಸೂರ್ಯನ ದರ್ಶನವೇ ಇಲ್ಲ. ಸುಮಾರು 21 ಕಿಲೋಮೀಟರ್ ಅಗಲ, 4 ಕಿಲೋಮೀಟರ್ ಆಳದ ಶ್ಯಾಕಲ್ಟನ್ ಕುಳಿ ಅಂಥದ್ದು. ಇಂಥ ಕಾಯಂ ನೆರಳಿನಲ್ಲಿ ಬಿದ್ದ ನೀರು ಆವಿಯಾಗದೆ ಮಂಜುಗಡ್ಡೆಯಾಗಿ ಉಳಿಯುತ್ತದೆ.

ಈ ನೀರಿನ ಕತೆಯಲ್ಲಿ ಭಾರತದ ಪಾಲು ದೊಡ್ಡದು. 2008ರ ನವೆಂಬರ್ 14ರಂದು ಚಂದ್ರಯಾನ-1 ತನ್ನ ಪುಟ್ಟ ಉಪಕರಣವೊಂದನ್ನು ಶ್ಯಾಕಲ್ಟನ್ ಸಮೀಪ ಬೀಳಿಸಿತು. ಅದೇ ನೌಕೆಯಲ್ಲಿದ್ದ ನಾಸಾದ ಉಪಕರಣ ಚಂದ್ರನ ನೆಲದಲ್ಲಿ ನೀರಿನ ಕುರುಹು ಹಿಡಿಯಿತು. 2009ರ ಸೆಪ್ಟೆಂಬರಿನಲ್ಲಿ ಅದು ಜಗತ್ತಿಗೆ ತಿಳಿಯಿತು. ಮರುತಿಂಗಳು ನಾಸಾ ರಾಕೆಟ್ಟಿನ ಒಂದು ಭಾಗವನ್ನು ಕೇಬಿಯಸ್ ಕುಳಿಗೆ ಅಪ್ಪಳಿಸಿ, ಎದ್ದ ಧೂಳಿನಲ್ಲಿ ನೀರನ್ನು ಕಂಡಿತು.

ನೀರಿದ್ದರೆ ಕುಡಿಯಬಹುದು, ಒಡೆದರೆ ಉಸಿರಾಡಲು ಆಮ್ಲಜನಕ, ರಾಕೆಟ್ಟಿಗೆ ಜಲಜನಕ. ಪಕ್ಕದಲ್ಲೇ ಬಿಸಿಲಿನ ಏಣಿದ್ದರೆ ವಿದ್ಯುತ್ತೂ ಸಿಕ್ಕಿತು. ಚಂದ್ರನ ಉಳಿದ ಕಡೆ ಹದಿನಾಲ್ಕು ದಿನಗಳ ಕಡುಕತ್ತಲ ರಾತ್ರಿಯನ್ನು ದಾಟಬೇಕು. ನೀರು, ಬಿಸಿಲು ಎರಡೂ ಅಕ್ಕಪಕ್ಕದಲ್ಲಿರುವ ಜಾಗಗಳು ಬಹಳ ಕಡಿಮೆ. ಪೈಪೋಟಿ ಇರುವುದು ಇವಕ್ಕೆ.

ಯಾರ ಜಾಗ, ಯಾರ ಕಾನೂನು?

1967ರ ಬಾಹ್ಯಾಕಾಶ ಒಪ್ಪಂದದ ಎರಡನೆಯ ವಿಧಿಯಂತೆ ಚಂದ್ರನನ್ನು ಯಾವ ದೇಶವೂ ತನ್ನದೆಂದು ಹೇಳಿಕೊಳ್ಳುವಂತಿಲ್ಲ. ಅಮೆರಿಕ, ರಷ್ಯ, ಚೀನ, ಭಾರತ ಎಲ್ಲವೂ ಇದಕ್ಕೆ ಬದ್ಧ. ಆದರೆ ಅಲ್ಲಿನ ನೀರನ್ನೋ ಖನಿಜವನ್ನೋ ತೆಗೆದು ಬಳಸಬಹುದೇ ಎಂಬುದಕ್ಕೆ ಒಪ್ಪಂದದಲ್ಲಿ ಸ್ಪಷ್ಟ ಉತ್ತರವಿಲ್ಲ. ಆ ಸಂಪತ್ತನ್ನು ಇಡೀ ಮನುಕುಲದ ಆಸ್ತಿಯೆಂದು ಸಾರಿದ 1979ರ ಚಂದ್ರ ಒಡಂಬಡಿಕೆಗೆ ಅಮೆರಿಕ, ರಷ್ಯ, ಚೀನ ಮೂರೂ ಸಹಿ ಹಾಕಿಲ್ಲ. ಭಾರತ ಸಹಿ ಹಾಕಿದರೂ ಅನುಮೋದಿಸಿಲ್ಲ. 2015ರಲ್ಲಿ ಅಮೆರಿಕ ತನ್ನ ಪ್ರಜೆಗಳು ಬಾಹ್ಯಾಕಾಶದಲ್ಲಿ ಹೊರತೆಗೆದದ್ದು ಅವರದೇ ಸ್ವತ್ತು ಎಂಬ ಕಾನೂನು ಮಾಡಿಕೊಂಡಿತು.

2020ರಲ್ಲಿ ಎಂಟು ದೇಶಗಳು ಸಹಿ ಹಾಕಿದ ಆರ್ಟೆಮಿಸ್ ಒಪ್ಪಂದದಲ್ಲಿ 'ಸುರಕ್ಷತಾ ವಲಯ' ಎಂಬ ಮಾತು ಬಂತು. ಒಂದು ದೇಶ ಕೆಲಸ ಮಾಡುವ ಜಾಗದ ಸುತ್ತ ಇಂತಿಷ್ಟು ದೂರದಲ್ಲಿ ಇನ್ನೊಬ್ಬರು ಬಂದರೆ ಮೊದಲು ತಿಳಿಸಿ, ಮಾತಾಡಿಕೊಂಡು ಬರಬೇಕು ಎಂಬುದು ಇದರ ತಾತ್ಪರ್ಯ. ಇಳಿನೌಕೆಯ ಜ್ವಾಲೆಗೆ ಚಂದ್ರನ ಧೂಳು ಗುಂಡಿನಂತೆ ಸಿಡಿಯುವುದರಿಂದ ಈ ಎಚ್ಚರ ಬೇಕಾದದ್ದೇ. ಆದರೆ ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದವನೂ ಸೀಟು ತನ್ನ ಸ್ವಂತದ್ದೆಂದು ಹೇಳುವುದಿಲ್ಲ. ಆದರೂ ಅಲ್ಲಿ ಬೇರೆಯವರು ಕೂರುವುದಿಲ್ಲ. ನೀರೂ ಬಿಸಿಲೂ ಇರುವ ಏಣಿನ ಮೇಲೆ ಮೊದಲು ಇಳಿದವರು ಒಂದು ವಲಯ ಗುರುತಿಸಿದರೆ, ಒಡೆತನದ ಮಾತೇ ಇಲ್ಲದೆ ಒಡೆತನದ ಫಲ ಸಿಕ್ಕೀತು. ಈ ಅಂಜಿಕೆ ಎರಡೂ ಕಡೆ ಇದೆ. ಚೀನ ದಕ್ಷಿಣ ಚೀನಾ ಸಮುದ್ರದಲ್ಲಿ ಮಾಡಿದ್ದನ್ನು ಚಂದ್ರನಲ್ಲೂ ಮಾಡಬಹುದೆಂದು 2023ರಲ್ಲಿ ನಾಸಾದ ಅಂದಿನ ಮುಖ್ಯಸ್ಥ ಬಿಲ್ ನೆಲ್ಸನ್ ಎಚ್ಚರಿಸಿದರು. ಚೀನ ಆರ್ಟೆಮಿಸ್ ಒಪ್ಪಂದಕ್ಕೆ ಸೇರದೆ, 2021ರಲ್ಲಿ ರಷ್ಯದೊಂದಿಗೆ ತನ್ನದೇ ಚಂದ್ರ ನೆಲೆಯ ಯೋಜನೆಗೆ ಸಹಿ ಹಾಕಿತು.

ಪರಸ್ಪರ ಮಾತಾಡಿ ಬಗೆಹರಿಸಿಕೊಳ್ಳೋಣವೆಂದರೆ ಅಮೆರಿಕದ ಸಂಸತ್ತು 2011ರಲ್ಲಿ ತಂದ ನಿರ್ಬಂಧ ಅಡ್ಡ ನಿಂತಿದೆ. ವಿಶೇಷ ಅನುಮತಿಯಿಲ್ಲದೆ ನಾಸಾ ಚೀನದೊಡನೆ ನೇರವಾಗಿ ಸಹಕರಿಸುವಂತಿಲ್ಲ. ಶೀತಲ ಸಮರದ ನಡುವೆಯೂ 1975ರಲ್ಲಿ ಅಮೆರಿಕದ ಅಪೊಲೊ, ರಷ್ಯದ ಸೊಯುಜ್ ನೌಕೆಗಳು ಕಕ್ಷೆಯಲ್ಲಿ ಜೋಡಿಸಿಕೊಂಡು ಯಾತ್ರಿಗಳು ಕೈಕುಲುಕಿದ್ದರು ಎಂಬುದನ್ನು ನೆನೆದರೆ ಇಂದಿನ ಬಿಗಿ ಎಷ್ಟೆಂಬುದು ತಿಳಿಯುತ್ತದೆ.

ಇನ್ನೊಂದು ದಕ್ಷಿಣ ಧ್ರುವ

ಇಂಥ ತೊಡಕು ಮನುಷ್ಯನಿಗೆ ಹೊಸದಲ್ಲ. ಭೂಮಿಯ ದಕ್ಷಿಣ ಧ್ರುವಕ್ಕೆ 1911ರ ಡಿಸೆಂಬರಿನಲ್ಲಿ ನಾರ್ವೆಯ ಅಮುಂಡ್‌ಸೆನ್, ಮರುತಿಂಗಳು ಬ್ರಿಟನ್ನಿನ ಸ್ಕಾಟ್ ತಲುಪಿದರು. ಸ್ಕಾಟ್ ಮತ್ತು ಸಂಗಡಿಗರು ಮರಳುವ ದಾರಿಯಲ್ಲಿ ಸತ್ತರು. ಆಮೇಲೆ 44 ವರ್ಷ ಆ ಬಿಂದುವಿನ ಮೇಲೆ ಯಾರೂ ಕಾಲಿಡಲಿಲ್ಲ. 1956ರಲ್ಲಿ ಅಮೆರಿಕನ್ನರು ವಿಮಾನದಲ್ಲಿ ಇಳಿದು, ಅಲ್ಲೇ ಕಾಯಂ ನೆಲೆ ಕಟ್ಟತೊಡಗಿದರು. ಅಷ್ಟರಲ್ಲಿ ಏಳು ದೇಶಗಳು ಅಂಟಾರ್ಕ್ಟಿಕಾದ ನೆಲದ ಮೇಲೆ ಹಕ್ಕು ಸಾರಿದ್ದವು. ಕಲಹ ಬೆಳೆಯುವ ಮೊದಲೇ 1959ರಲ್ಲಿ ಅಮೆರಿಕ, ರಷ್ಯ ಸೇರಿ ಹನ್ನೆರಡು ದೇಶಗಳು ಒಪ್ಪಂದಕ್ಕೆ ಬಂದವು. ಹಳೆಯ ಹಕ್ಕುಗಳನ್ನು ಇದ್ದಲ್ಲೇ ತಡೆಹಿಡಿದು, ಹೊಸ ಹಕ್ಕಿಗೆ ಅವಕಾಶವಿಲ್ಲದಂತೆ ಮಾಡಿ, ಸೈನ್ಯವನ್ನು ಹೊರಗಿಟ್ಟು, ಖಂಡವನ್ನು ವಿಜ್ಞಾನಕ್ಕೆ ಬಿಟ್ಟುಕೊಟ್ಟವು.

ಆ ಒಪ್ಪಂದದ ಲಾಭ ಪಡೆದವರಲ್ಲಿ ಭಾರತವೂ ಒಂದು. ಭಾರತದ ಮೊದಲ ಅಂಟಾರ್ಕ್ಟಿಕಾ ಯಾತ್ರೆ ಹೊರಟದ್ದು 1981ರಲ್ಲಿ, ಅಮುಂಡ್‌ಸೆನ್ ಹೋಗಿ ಎಪ್ಪತ್ತು ವರ್ಷಗಳ ನಂತರ. ಆದರೂ 1983ರಲ್ಲಿ ಒಪ್ಪಂದಕ್ಕೆ ಸೇರಿ, ಅದೇ ವರ್ಷ ನಿರ್ಧಾರ ಕೈಗೊಳ್ಳುವ ಸದಸ್ಯರ ಸಾಲಿನಲ್ಲಿ ಕೂರಲು ಸಾಧ್ಯವಾಯಿತು. ಮೊದಲು ಬಂದವರು ನೆಲವನ್ನೆಲ್ಲ ಹಂಚಿಕೊಂಡು ಮುಗಿಸಿದ್ದರೆ ಆ ಕುರ್ಚಿ ಇರುತ್ತಿರಲಿಲ್ಲ.

ಚಂದ್ರನ ವಿಷಯದಲ್ಲಿ ಭಾರತ ಅಷ್ಟು ಹಿಂದಿಲ್ಲ. 2023ರ ಆಗಸ್ಟ್ 19ರಂದು ರಷ್ಯದ ಲೂನಾ-25 ಚಂದ್ರನಿಗೆ ಅಪ್ಪಳಿಸಿ ಒಡೆಯಿತು. ನಾಲ್ಕು ದಿನಗಳ ನಂತರ ಚಂದ್ರಯಾನ-3 ಸುಮಾರು 69 ಡಿಗ್ರಿ ದಕ್ಷಿಣ ಅಕ್ಷಾಂಶದಲ್ಲಿ ಮೆಲ್ಲನೆ ಇಳಿಯಿತು. ಅದರ ಸಂಕೇತಗಳನ್ನು ಬೆಂಗಳೂರಿನ ಬಳಿಯ ಬ್ಯಾಲಾಳಿನ ಆಂಟೆನಾಗಳು ಹಿಡಿದವು. ಅದೇ ಜೂನ್‌ನಲ್ಲಿ ಭಾರತ ಆರ್ಟೆಮಿಸ್ ಒಪ್ಪಂದಕ್ಕೆ ಸಹಿ ಹಾಕಿತ್ತು. ಆದರೆ ಭಾರತೀಯರೊಬ್ಬರನ್ನು ಚಂದ್ರನ ಮೇಲೆ ಇಳಿಸಲು ಸರ್ಕಾರ ಇಟ್ಟುಕೊಂಡಿರುವ ಗುರಿ 2040. ಅಷ್ಟರೊಳಗೆ ಅಮೆರಿಕವೂ ಚೀನವೂ ಅಲ್ಲಿ ಇಳಿದು ಬೇರೂರಿರಬಹುದು. ಆದ್ದರಿಂದ ಯಾರ ಬಾವುಟ ಮೊದಲು ಏರುತ್ತದೆ ಎಂಬುದಕ್ಕಿಂತ, ಆ ಕೆಲವೇ ಬಿಸಿಲಿನ ಏಣುಗಳನ್ನು ಹೇಗೆ ಹಂಚಿಕೊಂಡು ಬಳಸಬೇಕೆಂಬುದನ್ನು ಎಲ್ಲರೂ ಕೂತು ಮೊದಲೇ ಬರೆದಿಟ್ಟುಕೊಳ್ಳುತ್ತಾರೆಯೇ ಎಂಬುದು ಭಾರತಕ್ಕೂ, ಇನ್ನೂ ಹಿಂದಿರುವ ಹತ್ತಾರು ದೇಶಗಳಿಗೂ ದೊಡ್ಡ ಪ್ರಶ್ನೆ. 1959ರಲ್ಲಿ ಅದು ಸಾಧ್ಯವಾದದ್ದು ಹೊರಗಿನ ಹಗೆತನ ಇಂದಿಗಿಂತ ಕಡಿಮೆಯಿದ್ದುದರಿಂದಲ್ಲ. ಜಗಳಕ್ಕೆ ಬೇಕಾದಷ್ಟು ಅಲ್ಲಿ ಇನ್ನೂ ಯಾರೂ ಕಟ್ಟಿಕೊಂಡಿರಲಿಲ್ಲ ಎಂಬುದರಿಂದ. ಚಂದ್ರನ ದಕ್ಷಿಣ ಧ್ರುವದಲ್ಲಿ ಇಂದಿಗೂ ಯಾರ ನೆಲೆಯೂ ಇಲ್ಲ.