ಕನ್ನಡ ಬಲ್ಲ ಪ್ರಾಣಿಗಳು

ಹುಣಸೂರಿನ ಕಾಲೇಜಿನಲ್ಲಿ ನನ್ನ ಬಳಿ ಓದಿದ್ದ ಹುಡುಗಿಯೊಬ್ಬಳು ನಾಲ್ಕು ವರ್ಷಗಳ ಹಿಂದೆ ಗಂಡ ಮತ್ತು ಎರಡು ವರ್ಷದ ಮಗನೊಡನೆ ಜರ್ಮನಿಗೆ ಹೊರಟು ನಿಂತಿದ್ದಳು. ಹೋಗುವ ಮುನ್ನ ಮನೆಗೆ ಬಂದಾಗ ಅವಳ ಚಿಂತೆಯೆಲ್ಲ ನಾಯಿಯದಾಗಿತ್ತು. ಕೃಷ್ಣರಾಜನಗರದ ತವರಿನಲ್ಲಿ ತಂದೆ ಬೀದಿಯಿಂದ ತಂದು ಸಾಕಿದ ನಾಯಿ. ತಂದೆ ತೀರಿಕೊಂಡ ಮೇಲೆ ಇವಳನ್ನೇ ನೆಚ್ಚಿಕೊಂಡಿತ್ತು. “ಆ ದೇಶದಲ್ಲಿ ಅದರ ಮಾತು ಯಾರಿಗೆ ತಿಳೀತದವ್ವ? ಇಲ್ಲೇ ಬಿಟ್ಟು ಹೋಗು” ಎಂದು ತಾಯಿ ಹೇಳಿದ್ದರಂತೆ. “ಏನು ಮಾಡಲಿ ಸಾರ್?” ಎಂದಳು.

ನಮ್ಮ ತಾಲ್ಲೂಕಿನ ವೀರನಹೊಸಹಳ್ಳಿಯಿಂದ ಆನೆಗಳು ದಸರೆಗೆ ಹೊರಡುವುದನ್ನು ಅವಳೂ ಕಂಡವಳು. ಅವುಗಳೊಡನೆ ಮಾವುತರು, ಕಾವಾಡಿಗಳು, ಅವರ ಹೆಂಡಿರು ಮಕ್ಕಳೂ ಮೈಸೂರಿಗೆ ಹೋಗುತ್ತಾರೆ. ಪರಿಚಿತ ದನಿ ಜೊತೆಗಿರುವುದರಿಂದ ಆನೆಗೆ ಊರು ಬದಲಾದರೂ ಭಾಷೆ ಬದಲಾಗದು. ಆದರೆ ಕಡಲು ದಾಟಿದ ಆನೆಯ ಪಾಡೇನು? ನಾನು ಅವಳಿಗೆ ಇಂದಿರೆಯ ಸಂಗತಿ ಹೇಳಿದೆ.

ಟೋಕಿಯೋದ ಉಯೆನೋ ಮೃಗಾಲಯದಲ್ಲಿದ್ದ ಮೂರು ಆನೆಗಳನ್ನು 1943ರಲ್ಲಿ, ಯುದ್ಧದ ಭೀತಿಯಿಂದ, ಉಪವಾಸ ಕೆಡವಿ ಕೊಂದರು. ಯುದ್ಧ ಮುಗಿದ ಮೇಲೆ ಅಲ್ಲಿನ ಮಕ್ಕಳು ತಮಗೊಂದು ಆನೆ ಬೇಕೆಂದು ನೆಹರೂ ಅವರನ್ನು ಬೇಡಿಕೊಂಡರು. ನೆಹರೂ 1949ರಲ್ಲಿ ಮೈಸೂರು ಸೀಮೆಯ ಹೆಣ್ಣಾನೆಯೊಂದಕ್ಕೆ ಮಗಳ ಹೆಸರಿಟ್ಟು ಕಳುಹಿಸಿದರು. ಆನೆಗೆ ತಿಳಿಯುತ್ತಿದ್ದುದು ಕನ್ನಡವೊಂದೇ! ಜೊತೆಗೆ ಹೋದ ಇಬ್ಬರು ಮಾವುತರು ಕೆಲಕಾಲ ಅಲ್ಲಿ ನಿಂತು, ಜಪಾನೀ ಪಾಲಕರಿಗೆ ಕನ್ನಡದ ಆಜ್ಞೆಗಳನ್ನು ಕಲಿಸಿದರು. ಇಂದಿರೆ 1983ರವರೆಗೆ ಅಲ್ಲಿಯೇ ಬಾಳಿತು. ಪರದೇಶಕ್ಕೆ ಹೋದ ಪ್ರಾಣಿಯ ಭಾಷೆಯನ್ನು ಆ ದೇಶದವರು ಕಲಿತರು, ಸೌಜನ್ಯವೆಂದರೆ ಇದಲ್ಲವೆ?

“ಅದರ ಮಾತನ್ನು ನೀನು ಬಿಡುವುದಿಲ್ಲವಾದರೆ ಕರೆದುಕೊಂಡು ಹೋಗು” ಎಂದೆ.

ದಾರಿ ಸುಲಭವಾಗಿರಲಿಲ್ಲ. ಮೊದಲು ಚರ್ಮದಡಿ ಮೈಕ್ರೋಚಿಪ್. ಬಳಿಕ ಹುಚ್ಚುನಾಯಿ ರೋಗದ ಲಸಿಕೆ. ಮೂವತ್ತು ದಿನ ಕಳೆದ ಮೇಲೆ, ಲಸಿಕೆ ಫಲಿಸಿದೆಯೇ ಎಂದು ತಿಳಿಯಲು ರಕ್ತಪರೀಕ್ಷೆ. ರಕ್ತ ತೆಗೆದ ದಿನದಿಂದ ಮೂರು ತಿಂಗಳ ಕಾಯುವಿಕೆ. ಭಾರತದಿಂದ ಐರೋಪ್ಯ ಒಕ್ಕೂಟದ ದೇಶಗಳಿಗೆ ಹೋಗುವ ನಾಯಿಗೆ ಇದೇ ನಿಯಮ. ಗಂಡ ಮುಂದಾಗಿ ಹೋದ. ಇವಳು ಮಗುವಿನೊಡನೆ ನಾಯಿಗಾಗಿ ಹಿಂದುಳಿದಳು. ನೆಂಟರು ನಕ್ಕರು.

ಕಳೆದ ಬೇಸಗೆಯಲ್ಲಿ ಅವಳು ರಜೆಗೆ ಬಂದಿದ್ದಳು. ಮಗನಿಗೀಗ ಆರು ವರ್ಷ. ನಾನು ಕನ್ನಡದಲ್ಲಿ ಮಾತನಾಡಿಸುತ್ತೇನೆಂದಾಗ ಅವಳು ಸಂಕೋಚದಿಂದ, “ನನಗೂ ಜರ್ಮನ್ನಿನಲ್ಲೇ ಉತ್ತರ ಕೊಡ್ತಾನೆ ಸಾರ್. ನಾಯಿ ಹತ್ತಿರ ಮಾತ್ರ ಕನ್ನಡ. ಅದಕ್ಕೆ ಬೇರೆ ಭಾಷೆ ಬರೋಲ್ಲ ಅಂತ ಅವನಿಗೆ ಗೊತ್ತು” ಎಂದಳು.

“ನಾಯಿಗೆ ಏನೆನ್ನುತ್ತೀಯಪ್ಪ?” ಎಂದು ಕೇಳಿದೆ.

ಹುಡುಗ ತಾಯಿಯ ಮುಖ ನೋಡಿ, ತಲೆತಗ್ಗಿಸಿ, ತಡೆತಡೆದು ಹೇಳಿದ: “ಬಾರೋ... ಕೂತ್ಕೋ... ಊಟ ಆಯ್ತಾ?”

ಅಚ್ಚ ಕೃಷ್ಣರಾಜನಗರದ ಕನ್ನಡ. ಅವನು ನೋಡಿ ನೆನಪಿರದ ತಾತನ ಮಾತು. ಇಪ್ಪತ್ತು ವರ್ಷಗಳಿಂದ ಕನ್ನಡ ಕಲಿಸುತ್ತಿರುವ ನಾನು ಆ ಮೂಕಪ್ರಾಣಿಗೆ ಮನಸ್ಸಿನಲ್ಲಿಯೇ ಕೈಮುಗಿದೆ.